ಹಸಿ ಗರಿಯ ಚಾಪೆ

ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಷ್ಟು ದಿನ ಒಂದು ಫೋನೂ ಮಾಡದಿದ್ದ ಓರಗಿತ್ತಿ ಅವತ್ತು ಮಾಡಿದಳು. "ಭಾನುವಾರ ಕುಣಿಗಲ್ ಕೆರೆ ಪಕ್ಕ ನಮ್ಮಪ್ಪನ ತೋಟಕ್ಕೆ ಪಿಕ್ನಿಕ್ ಹೋಗ್ತಾ ಇದೀವಿ ಕಣೇ. ಮಗೂನ ಕರ್ಕೊಂಡು ಬಾ."

ನನಗೆ ಅಳುವೇ ಬಂತು. ಗಂಡನಿಲ್ಲದ ಮೇಲೆ ಆ ಮನೆಯವರು ನನ್ನನ್ನು ಸೊಸೆ ಅಂತ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಭಯ ನನಗೆ. ನನ್ನದು ಬಿಡಿ, ನನ್ನ ಮಗಳಿಗೆ ಅವಳ ದೊಡ್ಡಪ್ಪನ ಮಕ್ಕಳಾದರೂ ಉಳಿಯಲಿ ಎಂದು ಒದ್ದಾಡುತ್ತಿದ್ದೆ. ಶನಿವಾರವೇ ಎದ್ದು ಕೂತು ಚಿತ್ರಾನ್ನಕ್ಕೆ ಒಗ್ಗರಣೆ ಪುಡಿ ಮಾಡಿಟ್ಟೆ.

ಓರಗಿತ್ತಿ ಶಿರಾ ಗೇಟ್ ಅಂಗಡಿಯಿಂದ ಒಂದು ಕ್ರಾಫ್ಟ್ ಡಬ್ಬ ತಂದಿದ್ದಳು. ಬಣ್ಣದ ಹಾಳೆ, ಗೋಂದು, ಅಂಟಿಸುವ ಪ್ಲಾಸ್ಟಿಕ್ ಕಣ್ಣುಗಳು. ಮೊಬೈಲಿನಲ್ಲಿ ನೋಡಿಕೊಂಡು ಪೇಪರ್ ಲೋಟದಲ್ಲಿ ಮೊಲ ಮಾಡಿಸುವುದು ಅವಳ ಯೋಜನೆ. ಕೆರೆ ಗಾಳಿಗೆ ಅದೆಲ್ಲ ನಿಲ್ಲುತ್ತದೆಯೇ? ಹಾಳೆಗಳು ಬೇಲಿ ಸೇರಿದವು, ಮೊಲದ ಕಣ್ಣು ಇಡ್ಲಿಗೆ ಬಿತ್ತು. ಅವಳು ಸಾಕಾಗಿ ಫೋಟೋ ತೆಗೆಯಲು ಹೋದಳು. ಮಕ್ಕಳು ಜಗಳ ಶುರು ಮಾಡಿದವು.

ಭಾವನವರು ಎಳನೀರು ಕೀಳಿಸಿದಾಗ ಜೊತೆಗೆ ಒಂದು ಹಸಿ ಗರಿಯೂ ಬಿದ್ದಿತ್ತು. ಅದನ್ನು ಎಳೆದುಕೊಂಡು ಬಂದೆ. ಮಚ್ಚಿನಲ್ಲಿ ನಡುದಿಂಡು ಸೀಳಿಸಿ ಮಕ್ಕಳನ್ನು ಸುತ್ತ ಕೂರಿಸಿದೆ. ಒಂದು ಎಲೆ ಮೇಲೆ, ಒಂದು ಕೆಳಗೆ, ಮಡಚಿ ಎಳಿ, ಮತ್ತೆ ಮೇಲೆ. ಮಕ್ಕಳು ಸದ್ದಿಲ್ಲದೆ ಹೆಣೆಯತೊಡಗಿದವು. ನನ್ನ ಮಗಳು ನಾಲಿಗೆ ಕಚ್ಚಿಕೊಂಡು ಹೆಣೆಯುತ್ತ, "ನಿಂಗೆ ಯಾರಮ್ಮ ಹೇಳ್ಕೊಟ್ರು?" ಅಂದಳು.

"ಯಾರೋ ಮಾಡೋದು ನೋಡಿದ್ದೆ," ಅಂದೆ. ಎಲ್ಲಿ ನೋಡಿದ್ದೆ ಅಂತ ಆ ಗಳಿಗೆಯಲ್ಲಿ ನಿಜವಾಗಿಯೂ ಹೊಳೆಯಲಿಲ್ಲ. ನಾನು ತುಮಕೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವಳು. ಗರಿ ಅಂದರೆ ಪೊರಕೆ ಕಡ್ಡಿ ಅಷ್ಟೇ ನನಗೆ.

ಆಳುದ್ದದ ಚಾಪೆ ಆಯಿತು. ಓರಗಿತ್ತಿಯ ಚಿಕ್ಕ ಮಗ ಖುಷಿಗೆ ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ.

ಅತ್ತೆ ಎಲ್ಲಿದ್ದರೋ, ಚೀರಿಕೊಂಡು ಬಂದರು. "ಏಳ್ಲಾ! ಎದ್ದೇಳ್ಲಾ ಮೇಲೆ!" ಹುಡುಗನನ್ನು ರಟ್ಟೆ ಹಿಡಿದು ಎತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹಸಿ ಗರಿ ಯಾರಾದ್ರೂ ಹೆಣೀತಾರೇನೇ? ಚಟ್ಟಕ್ಕೆ ಕಣೇ ಹೆಣ್ಯೋದು! ನನ್ನ ಮಗನ್ನ ಕಳಿಸಿದ್ದು ಸಾಲ್ದಾ ನಿಂಗೆ?"

ಆಗ ಹೊಳೆಯಿತು. ಅವತ್ತು ಗುಬ್ಬಿ ಕಡೆಯ ಅವರ ಊರಿನ ಮನೆಯಂಗಳದಲ್ಲಿ ಗಂಡನ ಮುಖ ನೋಡಲಾಗದೆ, ಮೂಲೆಯಲ್ಲಿ ಗರಿ ಹೆಣೆಯುತ್ತಿದ್ದ ಮುದುಕನ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. ಬೆಳಗಿನಿಂದ ಹೆಣ ಎತ್ತುವವರೆಗೆ ಅದನ್ನೇ ನೋಡಿದ್ದೆ.

ಹುಡುಗನಿಗೆ ಕೆರೆಯಲ್ಲಿ ತಲೆಯ ಮೇಲೆ ನೀರು ಹುಯ್ದರು. ಉಳಿದ ಮಕ್ಕಳ ಕೈಕಾಲು ತೊಳೆಸಿದರು. ನನ್ನ ಮಗಳ ಕೈ ತೊಳೆಸಲು ಯಾರೂ ಬರಲಿಲ್ಲ, ನಾನೇ ತೊಳೆಸಿದೆ. ಓರಗಿತ್ತಿ ಒಂದು ಮಾತಾಡಲಿಲ್ಲ. ಅತ್ತೆಯ ಬೈಗುಳವನ್ನಾದರೂ ಮರೆತೇನು, ಅವಳ ಆ ಮೌನವನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಚಿತ್ರಾನ್ನವನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ರಜೆಗೂ ಅವರು ಪಿಕ್ನಿಕ್ ಹೋದರು. ನಮಗೆ ಗೊತ್ತಾಗಿದ್ದು ಫ್ಯಾಮಿಲಿ ಗ್ರೂಪಿನ ಫೋಟೋ ನೋಡಿ. "ನಮ್ಮನ್ಯಾಕೆ ಕರೀಲಿಲ್ಲ?" ಎಂದಳು ಮಗಳು. ಕರೆದಿದ್ದರು, ನನಗೇ ರಜೆ ಇರಲಿಲ್ಲ ಎಂದು ಸುಳ್ಳು ಹೇಳಿದೆ.

ಈ ವರ್ಷ ಅತ್ತೆ ತೀರಿಕೊಂಡರು. ಮಗಳನ್ನು ಕರೆದುಕೊಂಡು ಊರಿಗೆ ಹೋದೆ. ಗರಿ ಹೆಣೆಯುತ್ತಿದ್ದ ಮುದುಕ ಈಗಿಲ್ಲ. ಊರಿನ ಗಂಡಸರಲ್ಲಿ ಅರ್ಧ ಜನ ವಸಂತನರಸಾಪುರದ ಫ್ಯಾಕ್ಟರಿಗಳಿಗೆ, ಉಳಿದವರು ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು. ಅಂಗಳದಲ್ಲಿ ಗರಿ ಹಾಕಿಕೊಂಡು ಮುಖ ಮುಖ ನೋಡುತ್ತಿದ್ದರು. ಹೆಣೆದಿದ್ದು ಬಿಚ್ಚಿಹೋಗುತ್ತಿತ್ತು.

ಓರಗಿತ್ತಿ ಒಳಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಗಂಡಸರಿಗೆ ಯಾರ್ಗೂ ಬರ್ತಿಲ್ಲ. ಹೊತ್ತಾಗ್ತಾ ಇದೆ. ನಿಂಗೆ ಬರ್ತದಲ್ವೇನೇ..."

ಅವಳ ಮುಖವನ್ನೇ ನೋಡಿದೆ. ಅವಳು ತಲೆ ತಗ್ಗಿಸಿದಳು. ಎದ್ದು ಅಂಗಳಕ್ಕೆ ಹೋಗಿ ಗರಿಯ ಮುಂದೆ ಕೂತೆ. ಒಬ್ಬಳ ಕೈಯಲ್ಲಿ ಬೇಗ ಮುಗಿಯುವ ಕೆಲಸವಲ್ಲ ಅದು. ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕರೆದೆ. "ಬಾ, ಆ ಕಡೆಯಿಂದ ನೀನು ಹಿಡಿ."

ಅವಳು ಬೆದರಿ ಸುತ್ತಲೂ ನೋಡಿದಳು. ಅತ್ತೆಯ ಮನೆಯವರೆಲ್ಲ ಅಲ್ಲೇ ನಿಂತಿದ್ದರು. ಒಬ್ಬರೂ ಬೇಡ ಅನ್ನಲಿಲ್ಲ.