ಅಮೃತಮ್ಮ ಬಸ್ಸು ನೋಡಿದ ಬಗೆ

ಅಮೃತಮ್ಮನ ಸುದ್ದಿ ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅದರ ಹಿಂದಿನ ವಠಾರದಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಅವಳು ರಾಯಚೂರು ಕಡೆಯವಳು. ಗಂಡ ಅಮರಪ್ಪ ಗಾರೆ ಕೆಲಸಕ್ಕೆ ಹೋದರೆ ಇವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳ ರೊಟ್ಟಿ ತಿಂದವರು ಆಮೇಲೆ ಬೇರೆ ಕಡೆ ಕೈ ಚಾಚಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ರೊಟ್ಟಿ ಬಡಿದರೆ ಸದ್ದಾಗದೆ ಇರುತ್ತದೆಯೇ? ನಸುಕಿನಲ್ಲೇ ಶುರುವಾಗುವ ಆ ಪಟಪಟ ಸದ್ದಿಗೆ ಮಹಡಿಯ ಮೇಲಿನ ಮಾಲೀಕರ ನಿದ್ದೆ ಕೆಡುತ್ತಿತ್ತು. ಮನೆ ಖಾಲಿ ಮಾಡಿ ಅನ್ನುತ್ತಿದ್ದರು. ಹಲಸೂರಿನಲ್ಲಿ ಹಾಗಾಯಿತು, ವಿಮಾನಪುರದಲ್ಲೂ ಆಯಿತು. ಕೊನೆಗೆ ನಮ್ಮ ವಠಾರದ ಮಾಲೀಕನೂ ಮಳೆಗಾಲ ಹಿಡಿಯುವುದರೊಳಗೆ ಜಾಗ ಬಿಡಿ ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. “ಗೊರಕೆ ಹೊಡೆಯೋರಿಗೆ ಮನೆ ಕೊಡ್ತೀರಿ, ದುಡಿಯೋರಿಗೆ ಕೊಡಲ್ವಾ?” ಎಂದು ಬೀದಿಯಲ್ಲೇ ಕೇಳಿದೆ. ಆ ಮನುಷ್ಯ ತಿರುಗಿಯೂ ನೋಡಲಿಲ್ಲ.

ಅಮೃತಮ್ಮ ಅಳುತ್ತಾ ಕೂರುವ ಹೆಂಗಸಲ್ಲ. ಕೆ.ಆರ್. ಪುರದ ಆಚೆ ಅವರದೊಂದು ಅಂಗೈಯಗಲದ ಸೈಟಿತ್ತು. ಮನೆ ಎಬ್ಬಿಸುವ ತಾಕತ್ತು ಇರಲಿಲ್ಲ.

“ಅಕ್ಕಾರ, ಗೋಡಿ ಕಟ್ಟಾಕ ನಮ್ಮ ಕೈಲಿ ಆಗಂಗಿಲ್ಲ. ಒಂದು ಹಳೇ ಬಸ್ ತಂದು ಇಟ್ಟರ? ಅದಕ್ಕ ಗೋಡೀನೂ ಅದ, ಮಾಳಿಗೀನೂ ಅದ” ಎಂದಳು.

ನನಗೆ ನಗು ಬಂತು. ಅವಳು ನಗಲಿಲ್ಲ. ಕೂಡಿಟ್ಟ ದುಡ್ಡು ಒಂದೇ ಸಲಕ್ಕೆ ಆಗುವಂಥದ್ದು. ಕೆಟ್ಟ ಬಸ್ಸು ತಗಲಿಕೊಂಡರೆ ದುಡ್ಡೂ ಹೋಯಿತು, ಮನೆಯೂ ಹೋಯಿತು. ಮತ್ತೆ ಯಾವನೋ ಮಾಲೀಕನ ಮುಂದೆ ಕೈಕಟ್ಟಿ ನಿಲ್ಲಬೇಕು.

ಶಿವಾಜಿನಗರದ ಅಹ್ಮದ್ ಪಾಷಾ ಎಂಬುವರು ಗುಜರಿ ಗಾಡಿಗಳನ್ನು ಕೊಂಡು ಹಳೇ ಮದ್ರಾಸು ರಸ್ತೆಯ ಬಯಲೊಂದರಲ್ಲಿ ನಿಲ್ಲಿಸಿ ಮಾರುತ್ತಿದ್ದರು. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಒಂದು ಭಾನುವಾರ ಅಲ್ಲಿಗೆ ಹೋದೆವು. ಜೊತೆಗೆ ಅಮರಪ್ಪನ ಗೆಳೆಯ, ಲಾರಿ ಮೆಕ್ಯಾನಿಕ್ ರಾಮಾಂಜಿನಪ್ಪ.

ಗಂಡಸರು ನೆಟ್ಟಗೆ ಹೋಗಿದ್ದು ಹೊಸ ನೀಲಿ ಬಣ್ಣ ಬಳಿದಿದ್ದ ಬಸ್ಸಿಗೆ. ಇಂಜಿನ್ನಿನ ಮುಚ್ಚಳ ಎತ್ತಿದ್ದೇನು, ಟೈರು ಒದ್ದಿದ್ದೇನು, ಹಾರನ್ ಬಾರಿಸಿದ್ದೇನು! ಅಮರಪ್ಪನಂತೂ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸುತ್ತಾ ಹಲ್ಲು ಕಿರಿಯುತ್ತಿದ್ದ.

“ಇಂಜಿನ್ ಹೂವಿನಂಗೈತೆ ಗುರು. ಕಣ್ಮುಚ್ಕೊಂಡು ತಗೋ” ಎಂದ ರಾಮಾಂಜಿನಪ್ಪ.

ಅಮೃತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಅಲ್ರೀ, ಇದನ್ನ ತಗೊಂಡು ಎಲ್ಲಿಗಿ ಹೋಗೋದದ? ನಾವು ಇದರಾಗ ಇರಾಕ ನೋಡಾಕ ಬಂದೀವಿ” ಎಂದಳು. ಹಾರನ್ ನಿಂತಿತು.

ಆಮೇಲೆ ಪಾಷಾ ಸಾಹೇಬರಿಂದ ಟಾರ್ಪಾಲು ಕೇಳಿ ಇಸಕೊಂಡು ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ಅವಳ ತವರಿನದು ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಚಾವಣಿಯ ಮನೆ. ಮಳೆಗಾಲಕ್ಕೆ ಮುಂಚೆ ಸುಡುಬಿಸಿಲಲ್ಲಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ನಿಂತು ಮೇಲೆ ನೋಡುತ್ತಿದ್ದರಂತೆ. ಎಲ್ಲಿ ಬೆಳಕು ಇಣುಕಿತೋ ಅಲ್ಲಿ ಮಣ್ಣು ಹಾಕಿ ತುಳಿಯುವುದು. ಬಸ್ಸಿನೊಳಗೂ ಹಾಗೇ ನಿಂತಳು, ನನ್ನನ್ನೂ ಎಳೆದುಕೊಂಡು. ಒಳಗೆ ಕಾದ ಹಂಚಿನ ಮೇಲೆ ನಿಂತಂತಿತ್ತು. ನಾನು ಬೈದುಕೊಂಡೇ ನಿಂತೆ.

ಮೇಲೆ ಒಂದು ಚುಕ್ಕೆ ಬೆಳಕೂ ಇರಲಿಲ್ಲ. ಅವಳು ಬಗ್ಗಿ ನೆಲದ ಹೊಸ ಚಾಪೆಯನ್ನು ಸರ್ರನೆ ಎಳೆದಳು. ಅಯ್ಯಯ್ಯಪ್ಪ! ತುಕ್ಕು ತಿಂದ ನೆಲ ಜರಡಿಯಾಗಿತ್ತು. ಕೆಳಗಿನಿಂದ ಬೆಳಕು ನಮ್ಮ ಕಾಲಿಗೆ ಬೀಳುತ್ತಿತ್ತು. ನಾನು ಬಾಯಿ ಮಾಡುವುದರೊಳಗೆ ಬಾಗಿಲಿಂದ ಇಣುಕಿದ ಪಾಷಾ ಸಾಹೇಬರೇ ಹಣೆ ಚಚ್ಚಿಕೊಂಡರು. “ಅಲ್ಲಾಣೆ ಅಮ್ಮಾ, ಚಾಪೆ ಕೆಳಗೆ ನಾನೂ ನೋಡಿಲ್ಲ. ಓಡೋ ಗಾಡಿ ಅಂತ ತಗೊಂಡ್ಬಿಟ್ಟೆ.”

ಮೂಲೆಯಲ್ಲಿ ಬಣ್ಣಗೆಟ್ಟ ಇನ್ನೊಂದು ಬಸ್ಸು ನಿಂತಿತ್ತು. ಇಂಜಿನ್ನೇ ಇಲ್ಲ, ಕತ್ತರಿಸಿ ತೂಕಕ್ಕೆ ಮಾರಲು ಇಟ್ಟಿದ್ದಂತೆ. ಅಮೃತಮ್ಮ ಅದನ್ನೂ ಮುಚ್ಚಿಸಿದಳು. ಒಳಗೆ ಕತ್ತಲೆಂದರೆ ಕತ್ತಲು. ನೆಲದ ಉದ್ದಕ್ಕೂ ಹಿಮ್ಮಡಿಯಿಂದ ಗುದ್ದುತ್ತಾ ನಡೆದಳು. ಅಡಿಯಲ್ಲಿ ತೂರಿ ಕಬ್ಬಿಣದ ಸಲಾಕೆಯಿಂದ ತಿವಿದಳು. ಗಂಡನನ್ನು ಮೇಲೆ ಹತ್ತಿಸಿ ನೀರು ಸುರಿಸಿದಳು. ಹಿಂದಿನ ಕಿಟಕಿಯ ಹತ್ತಿರ ಮಾತ್ರ ಸ್ವಲ್ಪ ಜಿನುಗಿತು.

“ಇಷ್ಟಕ್ಕ ಡಾಂಬರು ಸಾಕು. ಇದೇ ಆಗ್ಲಿ” ಎಂದಳು.

“ಇಂಜಿನ್ ಇಲ್ದಿರೋ ಬಸ್ ತಗೊಂಡ್ರೆ ನೋಡಿದೋರು ನಗಲ್ವೇನಮ್ಮಾ?” ಎಂದ ರಾಮಾಂಜಿನಪ್ಪ.

ನನಗೆ ತಡೆಯಲಾಗಲಿಲ್ಲ. “ಯಾಕ್ರೀ, ಅಡುಗೆಮನೇನ ಮೆಜೆಸ್ಟಿಕ್‌ವರೆಗೂ ಓಡಿಸ್ಬೇಕಾ ನೀವು?” ಎಂದೆ. ಪಾಷಾ ಸಾಹೇಬರು ನಕ್ಕ ನಗುವಿಗೆ ಬೆಲೆಯೂ ಇಳಿಯಿತು.

ಬಸ್ಸನ್ನು ಲಾರಿಗೆ ಕಟ್ಟಿ ಎಳೆಸಿ, ಚಕ್ರ ಬಿಚ್ಚಿ, ಸೈಟಿನಲ್ಲಿ ಕಲ್ಲುಕಂಬಗಳ ಮೇಲೆ ಕೂರಿಸಿದರು. ಸೀಟು ಕಿತ್ತು ಒಳಗೋಡೆಗೆಲ್ಲ ಹಲಗೆ ಹೊಡೆದರು. ಡ್ರೈವರ್ ಕೂರುವ ಜಾಗಕ್ಕೆ ಒಲೆ ಬಂತು. ಹಾಲು ಉಕ್ಕಿಸಿದ ದಿನವೇ ಮಧ್ಯಾಹ್ನ ಜಡಿಮಳೆ ಹಿಡಿಯಿತು. ನಾನು ಮೂಲೆಮೂಲೆಗೂ ಕೈಯಾಡಿಸಿ ನೋಡಿದೆ, ಒಂದು ಹನಿ ಇಲ್ಲ. ನನ್ನ ಸ್ವಂತ ಮನೆಯೇ ಎದ್ದು ನಿಂತಷ್ಟು ಹೆಮ್ಮೆಯಾಯಿತು ನನಗೆ, ಸುಳ್ಳೇಕೆ ಹೇಳಲಿ.

ಊಟವಾದ ಮೇಲೆ ಅಮೃತಮ್ಮ ಸುತ್ತಿಗೆ ಹಿಡಿದು ಎದ್ದು ಗೋಡೆಗೆ ಒಂದು ಮೊಳೆ ಹೊಡೆದಳು.

“ಯಾತಕ್ಕ ಮೊಳಿ? ಏನು ತೂಗಹಾಕ್ತಿ?” ಎಂದ ಅಮರಪ್ಪ.

“ಏನೂ ಇಲ್ರೀ.” ಪಕ್ಕದಲ್ಲಿ ಇನ್ನೊಂದು ಹೊಡೆದಳು. “ಇಷ್ಟು ವರ್ಷ ಒಂದು ಮೊಳಿ ಹೊಡಿಬೇಕಂದ್ರ ಮಾಲಕರನ್ನ ಕೇಳಬೇಕಾಗಿತ್ತು. ಈಗ ಯಾರನ್ನ ಕೇಳ್ಬೇಕು, ಹೇಳ್ರಿ?”

ಅವಳು ಮೂರನೆಯ ಮೊಳೆಯನ್ನೂ ಸುತ್ತಿಗೆಯನ್ನೂ ನನ್ನ ಕೈಗಿಟ್ಟಳು. “ನೀವೂ ಒಂದು ಹೊಡೀರಿ ಅಕ್ಕಾರ.”

ನಾನೂ ಬಾಡಿಗೆ ಮನೆಯವಳೇ. ಹೊಸ ತಿಪ್ಪಸಂದ್ರದವರೆಗೂ ಕೇಳಿಸಲಿ ಎಂದು ಜೋರಾಗಿ ಹೊಡೆದೆ.