ಕೀನ್ಯಾದಲ್ಲಿ ನಮಗಾಗಿ ಕಾದಿದ್ದರು

ಹೋದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ ನಡೆದದ್ದು. ಹುತ್ರಿದುರ್ಗದ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ನಮ್ಮ ಮಕ್ಕಳಿಗೆ ಕುಣಿಗಲ್ ಬಿಟ್ಟರೆ ತುಮಕೂರು, ಅದು ಬಿಟ್ಟರೆ ಬೆಂಗಳೂರು, ಅಲ್ಲಿಗೆ ಪ್ರಪಂಚ ಮುಗಿಯಿತು. ನೋಡಿ ನೋಡಿ ನನಗೆ ರೇಗಿಹೋಗಿತ್ತು. ಟ್ರೈನಿಂಗಿನಲ್ಲಿ ಪರಿಚಯವಾದ ಗೆಳತಿಯ ಮೂಲಕ ಕೀನ್ಯಾ ದೇಶದ ಒಂದು ಹಳ್ಳಿ ಶಾಲೆಯ ಸಂಪರ್ಕ ಸಿಕ್ಕಿತು. ತಿಂಗಳಿಗೊಮ್ಮೆ ವಿಡಿಯೊ ಕಾಲ್‌ನಲ್ಲಿ ಎರಡೂ ಕಡೆಯ ಮಕ್ಕಳು ಮಾತಾಡುವುದು ಅಂತಾಯಿತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಕೆಟ್ಟರೆ ನಿಮ್ಮನ್ನೇ ಕೇಳ್ತೀನಿ ಅಂತ ಗೊಣಗಿಕೊಂಡೇ ಹೆಡ್‌ಮಾಸ್ಟರು ಒಪ್ಪಿದರು.

ಹತ್ತನೇ ಕ್ಲಾಸಿನ ಭವ್ಯ ಲೆಕ್ಕದಲ್ಲಿ ಬಲು ಚುರುಕು. ಇಂಗ್ಲಿಷ್ ಅಂದರೆ ಮಾತ್ರ ಬಾಯಿಗೆ ಬೀಗ. ಪಿಯು ಸೈನ್ಸ್ ಪೂರ್ತಿ ಇಂಗ್ಲಿಷಿನಲ್ಲಿ ಇರುತ್ತದಂತೆ ಅಂತ ಹೆದರಿ, ಓದು ಇಲ್ಲಿಗೇ ಸಾಕು ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಆ ಹೆದರಿಕೆ ಬಿಡಿಸಬೇಕೆಂದೇ ಮೊದಲ ಕಾಲ್‌ನ ಕೊನೆಯ ಮಾತನ್ನು ಅವಳಿಗೆ ವಹಿಸಿದೆ. ಥ್ಯಾಂಕ್ ಯೂ, ಗುಡ್ ಬೈ. ಅಷ್ಟೇ.

ಭವ್ಯ ಎದ್ದು ನಿಂತು ಥ್ಯಾಂಕ್ ಯೂ ಅಂದಳು. ಆಮೇಲೆ ತಡವರಿಸಿ, "ವಿ ವಿಲ್ ಗೋ ಅಂಡ್ ಕಮ್" ಅಂದುಬಿಟ್ಟಳು. ಆ ಕಡೆ ಮಕ್ಕಳು ಚಪ್ಪಾಳೆಯೋ ಚಪ್ಪಾಳೆ. ಹುಡುಗಿ ಬಾಯಿ ಬಿಟ್ಟಳಲ್ಲ ಅನ್ನುವ ಖುಷಿಯಲ್ಲಿ ನಾನೂ ತಿದ್ದಲು ಹೋಗಲಿಲ್ಲ.

ಮುಂದಿನ ತಿಂಗಳು ಕಾಲ್‌ಗೆ ಅಂತ ಕ್ಲಾಸಿನ ಟಿವಿ ಹಾಕಿದರೆ, ಅಲ್ಲಿ ಗೋಡೆ ತುಂಬ ಬಣ್ಣದ ಕಾಗದದ ಹೂವು. ಬೋರ್ಡಿನ ಮೇಲೆ ನಮ್ಮ ಶಾಲೆಯ ಹೆಸರು, ಮೇಲೆ ದೊಡ್ಡದಾಗಿ ವೆಲ್‌ಕಮ್. ಅಲ್ಲಿನ ಟೀಚರ್ ಗ್ರೇಸ್ ಮೊದಲು ಕೇಳಿದ್ದೇ, ನೀವು ಬರುವುದು ಯಾವತ್ತು ಅಂತ. ಮಕ್ಕಳು ನಿಮಗಾಗಿ ಹಾಡು ಕಲಿತಿದ್ದಾರೆ, ಯಾರು ಯಾರ ಮನೆಯಲ್ಲಿ ಉಳಿಯಬೇಕು ಅಂತಲೂ ಮಾತಾಡಿಕೊಂಡಿದ್ದಾರೆ ಅಂದರು.

ಭವ್ಯ ಹೋದ ತಿಂಗಳು ಅಂದದ್ದು ಆಗ ನೆನಪಾಯಿತು. ನಮ್ಮ ಹುಡುಗರೋ, "ಏನ್ಲಾ, ಭವ್ಯ ಪ್ಲೇನ್ ಬುಕ್ ಮಾಡವ್ಳಂತೆ" ಅಂತ ಬಿದ್ದು ಬಿದ್ದು ನಕ್ಕರು. ಗದರಿಸಿ ಬಾಯಿ ಮುಚ್ಚಿಸಿದೆ. ಭವ್ಯ ಡೆಸ್ಕಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. "ನಾನಿನ್ನ ಇಂಗ್ಲಿಷ್ ಮಾತಾಡಕಿಲ್ಲ ಬುಡಿ ಮಿಸ್. ಗುಡ್ ಬೈ ಅಂದ್ರೆ ಒಂಟೋಯ್ತೀನಿ ಅಂದಂಗಲ್ವಾ? ಅಂಗನ್ನಬಾರ್ದು ಅಂತಾಳೆ ನಮ್ಮಜ್ಜಿ."

ಗ್ರೇಸ್‌ಗೆ ಏನಂತ ಹೇಳುವುದು? ನಮ್ಮಲ್ಲಿ ಹೊಸ್ತಿಲು ದಾಟುವವರು ಹೋಗ್ತೀನಿ ಅನ್ನುವುದಿಲ್ಲ, ಹೋಗಿ ಬರ್ತೀನಿ ಅನ್ನುತ್ತಾರೆ, ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದಾಳೆ ಅಂತ ಹೇಗೋ ವಿವರಿಸಿ ಕ್ಷಮೆ ಕೇಳಿದೆ. ಅವರಿಗೆ ಬೇಜಾರಾಗಿರಬೇಕು, ಇನ್ನು ಇವರ ಸ್ನೇಹ ಮುಗಿದ ಹಾಗೆ ಅಂದುಕೊಂಡೆ. ಆದರೆ ಅವರು ಕೇಳಿದ್ದು, ಆ ಹುಡುಗಿ ಎಲ್ಲಿ ಅಂತ.

ಭವ್ಯಳನ್ನು ಮುಂದೆ ಕರೆತಂದೆ. ಗ್ರೇಸ್ ನಿಧಾನವಾಗಿ, ಅವಳಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿದರು: "ನೀನು ಹೇಳಿದ್ದು ತಪ್ಪಲ್ಲ ಮಗಳೇ. ನಾವೂ ಹೊರಡುವಾಗ ಟುಟವೊನಾನಾ ಅಂತೀವಿ. ಮತ್ತೆ ಸಿಗೋಣ ಅಂತ ಅರ್ಥ. ಈಗ ನಿಮ್ಮ ಮಾತನ್ನು ನಮಗೆ ಕಲಿಸು."

ಭವ್ಯ ಕಣ್ಣೊರೆಸಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟಳು. ನಡುನಡುವೆ ಲಿಸನ್, ಅಗೇನ್, ಸ್ಲೋಲಿ ಅಂತ ಅವಳೇ ಅನ್ನುತ್ತಿದ್ದಳು. ಹಾಳು ನೆಟ್‌ವರ್ಕು ಹಕಾರ ನುಂಗಿತೋ ಏನೋ, ಅಲ್ಲಿನ ಮಕ್ಕಳೆಲ್ಲ ಒಟ್ಟಿಗೆ "ಓಗಿ ಬತ್ತೀವಿ" ಅಂದರು. ನಾನು ತಿದ್ದಲು ಹೋದೆ. ಭವ್ಯ ತಡೆದಳು. "ಸರಿಯಾಗೇ ಅಂದವ್ರೆ ಮಿಸ್. ನಮ್ಮಜ್ಜಿನೂ ಅಂಗೇ ಅನ್ನೋದು."

ಅವತ್ತಿನಿಂದ ಪ್ರತಿ ಕಾಲ್ ಮುಗಿಯುವುದೂ ಹಾಗೆಯೇ. ನಾವು ಟುಟವೊನಾನಾ ಅನ್ನುತ್ತೇವೆ, ಅವರು ಓಗಿ ಬತ್ತೀವಿ ಅನ್ನುತ್ತಾರೆ. ಅವತ್ತು ಗ್ರೇಸ್ ಕೂಡ ನಕ್ಕುಬಿಟ್ಟಿದ್ದರೆ ಒಂದು ಹುಡುಗಿಯ ಬಾಯಿ ಕಾಯಂ ಆಗಿ ಮುಚ್ಚಿಹೋಗುತ್ತಿತ್ತು. ಮುಖಾಮುಖಿ ಕಾಣದ ಆ ತಾಯಿಯನ್ನು ನಾನು ದಿನಾ ನೆನೆಯುತ್ತೇನೆ.

ಈ ಜೂನ್‌ನಲ್ಲಿ ಭವ್ಯ ಕುಣಿಗಲ್‌ನಲ್ಲಿ ಪಿಯು ಸೈನ್ಸ್ ಸೇರಿದಳು. ಟಿ.ಸಿ. ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ, "ಮಿಸ್, ಐ ವಿಲ್ ಗೋ ಅಂಡ್ ಕಮ್" ಅಂದಳು. ಇಂಗ್ಲಿಷ್ ಟೀಚರಾದ ನಾನು ತಿದ್ದಲಿಲ್ಲ. ಹೋಗಿ ಬಾರಮ್ಮ ಅಂದೆ.