ಜಡೆ ತಿರುವುವ ತ್ರಿಶಲಕ್ಕ

ಬನಹಟ್ಟಿಯ ತ್ರಿಶಲಕ್ಕನ ಕೈಯಲ್ಲಿ ಹೆಣಿಗೆಯ ಕಡ್ಡಿ ಇಲ್ಲದ ಹೊತ್ತೆಂದರೆ ಬಸದಿಯೊಳಗೆ ಕೈಮುಗಿದ ಹೊತ್ತು ಮಾತ್ರ. ಜಮಖಂಡಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೂ, ಬೀಗರು ಬಂದು ಬಾಗಿಲಲ್ಲಿ ನಿಂತರೂ ಆಕೆಯದು ಒಂದೇ ಉತ್ತರ: "ತಡೀರಿ, ಜಡಿ ತಿರವಾಕತ್ತೇನಿ." ಎದೆಯ ಮೇಲೆ ಎಳೆಗಳು ಒಂದನ್ನೊಂದು ದಾಟಿ ಜಡೆಯಂತೆ ಇಳಿಯುವ ಸ್ವೆಟರ್ ಅದು, ಉಣ್ಣೆಯದಲ್ಲ, ಊರಿನದೇ ಹತ್ತಿ ನೂಲಿನದು, ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. "ಅಕ್ಕಾರ, ಈ ಬಿಸಲೂರಾಗ ಸ್ವೆಟರ್ ಯಾರಿಗ್ರೀ?" ಎಂದು ಓಣಿಯವರು ನಕ್ಕರೆ, "ಥಂಡಿ ನಿಮ್ಮನ್ನ ಕೇಳಿ ಬರತೈತೇನ್ರೀ?" ಎನ್ನುವಳು. ಒಂದು ಜಡೆ ಚೂರು ವಾಲಿದರೂ ಸಾಕು, ಹೆಣೆದದ್ದನ್ನೆಲ್ಲ ಬಿಚ್ಚಿ ಹಾಕಿ, ಪಕ್ಕದ ಮನೆಯ ಮಗ್ಗದ ಸದ್ದಿಗೆ ತಲೆಯಾಡಿಸುತ್ತ ಮತ್ತೆ ಮೊದಲಿನಿಂದ ಶುರು ಮಾಡುವಳು. ನಕ್ಕವರು ಮರೆತದ್ದನ್ನು ಗಂಡ ಪಾರಿಸಪ್ಪ ಮರೆತಿರಲಿಲ್ಲ. ಲಕ್ವಾ ಹೊಡೆದು ಆಕೆಯ ಬಲಗೈ ಬೆರಳುಗಳು ಸೆಟೆದುಹೋದ ಮೇಲೆ, ಬಾಯಿಗಿಡುವ ತುತ್ತಿನಿಂದ ರವಿಕೆಯ ಗುಂಡಿಯವರೆಗೆ ಎಲ್ಲವೂ ಅವನ ಕೈಯಿಂದಲೇ ಆಗಬೇಕಿತ್ತು; ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಆಕೆ ಹಿಡಿದದ್ದು ಈ ಕಡ್ಡಿಗಳನ್ನು. ಈ ಸಂಕ್ರಾಂತಿಯ ಮುಂಜಾನೆ, ಮುಗಿದ ಸ್ವೆಟರನ್ನು ಆಕೆ ತೊಟ್ಟು ನಿಂತಾಗ ಪಾರಿಸಪ್ಪ ರೂಢಿಯಂತೆ ಗುಂಡಿ ಹಾಕಲು ಬಂದ. "ಕೈ ತಗೀರಿ," ಎಂದಳು ತ್ರಿಶಲಕ್ಕ. ಮೊದಲ ಗುಂಡಿ ಎರಡು ಸಲ ಜಾರಿತು, ಆಕೆ ಬಿಡಲಿಲ್ಲ. ಕೊರಳಿನಿಂದ ಸೊಂಟದವರೆಗೆ ಒಂದೊಂದೇ ಗುಂಡಿಯನ್ನು ಬಲಗೈಯಿಂದಲೇ ಹಾಕಿಕೊಂಡು, ತಲೆಯೆತ್ತಿ ಓಣಿಯ ನಟ್ಟನಡುವೆ ನಡೆದಳು. ಬಾಗಿಲಲ್ಲಿ ನಿಂತ ಪಾರಿಸಪ್ಪ ಊರಿಗೆಲ್ಲ ಕೇಳುವಂತೆ ಕೂಗಿದ: "ನನ್ನ ನೌಕರಿ ಹೋತ್ರೆಪಾ, ನನ್ನ ನೌಕರಿ ಹೋತು!"